ಕುಪ್ಪುಸ್ವಾಮಿಯ ಉಸಿರಿಗೆ ನನ್ನ ವರದಿ ಸಾಕ್ಷಿಯಲ್ಲ

ಮಾರಿಕುಪ್ಪಂ, 18 ಅಕ್ಟೋಬರ್ 1938

ಗಣಿಯ ಕೂಲಿಗಾರರ ಕ್ಷೇಮಾಧಿಕಾರಿಗಳಿಗೆ

ಮಾನ್ಯರೇ,

ಕುಪ್ಪುಸ್ವಾಮಿ ಎಂಬ ಡ್ರಿಲ್ ಕೆಲಸಗಾರನಿಗೆ ಉಸಿರಾಟದ ತೊಂದರೆ ಏನೂ ಇಲ್ಲವೆಂದೂ, ಆದ್ದರಿಂದ ಆತ ಬರುವ ಸೋಮವಾರ, ಇಪ್ಪತ್ತನಾಲ್ಕನೇ ತಾರೀಖು, ಬೆಳಗಿನ ಪಾಳಿಗೆ ಗಣಿಯೊಳಕ್ಕೆ ಇಳಿಯತಕ್ಕದ್ದೆಂದೂ, ನೆಲದ ಮೇಲೆಯೇ ಕೆಲಸ ಕೊಡಿ ಎಂಬ ಆತನ ಅರ್ಜಿಗೆ ಉತ್ತರವಾಗಿ ನಿನ್ನೆ ಆದೇಶ ಹೊರಡಿಸಿದ್ದೀರಿ. ಆದೇಶಕ್ಕೆ ನೀವು ತೋರಿಸಿರುವ ಆಧಾರ ವೈದ್ಯರ ಪತ್ರವಲ್ಲ. ಕಳೆದ ಶುಕ್ರವಾರ ಇದೇ ಪತ್ರಿಕೆಯಲ್ಲಿ ನಾನು ಬರೆದ ಫುಟ್‌ಬಾಲ್ ಪಂದ್ಯದ ವರದಿ. ನನ್ನ ಬರವಣಿಗೆಯನ್ನು ಇಷ್ಟು ಶ್ರದ್ಧೆಯಿಂದ ಓದುವವರು ಆಫೀಸಿನಲ್ಲಿ ಇದ್ದಾರೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಹೆಚ್ಚು ಎಚ್ಚರದಿಂದ ಬರೆಯುತ್ತಿದ್ದೆ ಎಂದು ಹೇಳಬೇಕೆನಿಸುತ್ತದೆ. ಆದರೆ ಅದು ನಿಜವೋ ಅಲ್ಲವೋ ನನಗೇ ಅನುಮಾನ.

ಆ ಆದೇಶ ಇಂಗ್ಲಿಷಿನಲ್ಲಿತ್ತು. ಅದನ್ನು ನನ್ನ ಬಳಿಗೆ ತಂದವಳು ಕುಪ್ಪುಸ್ವಾಮಿಯ ಹೆಂಡತಿ ಮಂಗಮ್ಮ. ಬೂದಿಕೋಟೆ ಕಡೆಯ ಹೆಣ್ಣುಮಗಳು, ಕೂಲಿಗಾರರ ಸಾಲುಮನೆಗಳ ಏಳನೇ ಲೈನಿನಲ್ಲಿ ಒಂದು ಎಮ್ಮೆ ಕಟ್ಟಿಕೊಂಡು ನಮ್ಮ ಮನೆಗೆ ಹಾಲು ಹಾಕುತ್ತಾಳೆ. ಚೊಂಬನ್ನು ಕೆಳಗಿಟ್ಟು, ಸೆರಗಿನಿಂದ ಕಾಗದ ತೆಗೆದು ಕೊಟ್ಟಳು.

“ಟೀಚರಮ್ಮಾ, ಇದ್ರಾಗೆ ಏನ್ ಬರ್ದವ್ರೆ ಓದ್ರಿ. ಮೇಲ್ಗಡೆ ಕೆಲ್ಸ ಕೊಟ್ಟವ್ರಾ?”

“ಇಲ್ಲ ಮಂಗಮ್ಮ.”

“ಯಾಕಂತೆ?”

ನಾನು ಕಾಗದವನ್ನು ಎರಡನೆಯ ಸಲ ಓದುವವಳಂತೆ ನಟಿಸಿದೆ. ಕೊನೆಗೆ, “ನಾನು ಬರೆದಿದ್ದನ್ನ ನೋಡಿ, ಅವನ ಉಸಿರು ಚೆನ್ನಾಗಿದೆ ಅಂತ ತೀರ್ಮಾನ ಮಾಡಿದ್ದಾರೆ” ಎಂದೆ.

“ನೀವಾ? ನೀವ್ ಯಾವಾಗ್ ನೋಡಿದ್ರಿ ಅವ್ರ ಉಸ್ರ್ನ? ಕೊಳಾಯಿಯಿಂದ ಒಂದ್ ಬಿಂದಿಗೆ ನೀರ್ ತರಕ್ಕೆ ಮೂರ್ ಕಡೆ ಕುಂತ್ಕಂತಾರೆ. ‘ಏನ್ ಕುಪ್ಪಣ್ಣ, ಬಿಂದಿಗೆಗೂ ಆಫ್‌ಟೈಮ್ ಐತಾ’ ಅಂತ ಲೈನ್‌ನೋರೆಲ್ಲಾ ನಗ್ತಾರೆ. ಪೇಪರ್‌ನೋರ್ಗೆ ಬಾಲ್ ಮಾತ್ರ ಕಾಣ್ತದಾ, ಬಿಂದಿಗೆ ಕಾಣಾಕಿಲ್ವಾ?”

ನಿಮ್ಮ ಗುಮಾಸ್ತರು ನನ್ನ ವಾಕ್ಯವನ್ನು ಇಂಗ್ಲಿಷಿಗೆ ತಂದಿರುವ ರೀತಿಯಲ್ಲಿ ತಪ್ಪಿಲ್ಲ. ನನಗೆ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು ಅದಕ್ಕೆ ಪೂರ್ತಿ ಅಂಕ ಕೊಡುತ್ತಿದ್ದರು. ಫೈನಲ್ ಪಂದ್ಯದ ಸೋಲಿನ ಬಗ್ಗೆ ನಾನು ಬರೆದದ್ದು ಇದು: “ಕುಪ್ಪುಸ್ವಾಮಿಗೆ ಸಾಲದೆ ಹೋದದ್ದು ಉಸಿರಲ್ಲ, ಧೈರ್ಯ.” ಇಷ್ಟನ್ನು ಇಟ್ಟುಕೊಂಡು ನೀವು ಒಬ್ಬ ಮನುಷ್ಯನ ಶ್ವಾಸಕೋಶವನ್ನು ಪರೀಕ್ಷೆ ಮಾಡಿ ಮುಗಿಸಿದ್ದೀರಿ. “ವೈದ್ಯಕೀಯ ತಪಾಸಣೆಯ ಅಗತ್ಯ ಕಂಡುಬರುವುದಿಲ್ಲ” ಎಂಬುದು ಆದೇಶದ ಕೊನೆಯ ಸಾಲು. ಎದೆಗೆ ಕೊಳವೆ ಇಟ್ಟು ಕೇಳುವ ಡಾಕ್ಟರಿಗೆ ಸಂಬಳ ಕೊಡುವುದೇಕೆ? ಶನಿವಾರ ಸಂಜೆ ಆಟ ನೋಡಲು ಬರುವ ಶಾಲಾ ಉಪಾಧ್ಯಾಯಿನಿ ಇದ್ದಾಳಲ್ಲ!

ಈ ಪತ್ರಿಕೆ ಅಚ್ಚಾಗುವ, ನೀವು ಬೌರಿಂಗ್‌ಪೇಟೆ ಎಂದು ಬರೆಯುವ ಬಂಗಾರಪೇಟೆಯಲ್ಲಿ ಈ ಆಟ ನೋಡಿದವರು ಕಡಿಮೆ. ಅವರಿಗಾಗಿ ಎರಡು ಮಾತು ಹೇಳಬೇಕು. ಇದು ನಮಗೆ ಗೊತ್ತಿರುವ ದುಂಡು ಚೆಂಡಿನ ಫುಟ್‌ಬಾಲ್ ಅಲ್ಲ. ಆಸ್ಟ್ರೇಲಿಯಾದಿಂದ ಬಂದ ಒಬ್ಬ ಮೋಜಣಿದಾರರು ಕಲಿಸಿಕೊಟ್ಟ, ಮೊಟ್ಟೆಯಾಕಾರದ ಚೆಂಡಿನ ಆಟ. ಕಡೆಗೆ ಹದಿನೆಂಟು ಜನ, ಪಂದ್ಯಕ್ಕೆ ನಾಲ್ಕು ಸುತ್ತು, ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕಕ್ಕೆ ಹೋದರೆ ಒಂದು. ಒಬ್ಬ ಒದ್ದ ಚೆಂಡನ್ನು ಇನ್ನೊಬ್ಬ ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದಕ್ಕೆ ಮಾರ್ಕ್ ಎನ್ನುತ್ತಾರೆ. ಮಾರ್ಕ್ ಹಿಡಿದವನನ್ನು ಎದುರಾಳಿಗಳು ಮುಟ್ಟುವಂತಿಲ್ಲ. ಅವನು ನಿಂತು, ನೋಡಿ, ಒದೆಯಬಹುದು. ಈ ಒಂದು ನಿಯಮವನ್ನು ದಯವಿಟ್ಟು ನೆನಪಿಡಿ.

ನಾಲ್ಕು ತಂಡಗಳಿದ್ದವು. ಗಣಿಯೊಳಗೆ ಡ್ರಿಲ್ ಹಿಡಿಯುವವರದು ನಮ್ಮ ಏಳನೇ ಲೈನಿನ ತಂಡ. ವರ್ಕ್‌ಶಾಪ್, ಮಿಲ್ಲು, ಆಫೀಸಿನ ತಂಡಗಳು ಮೇಲೆ, ಗಾಳಿ ಬೆಳಕಿನಲ್ಲಿ ದುಡಿಯುವವರವು. ಜುಲೈಯಿಂದ ಅಕ್ಟೋಬರ್‌ವರೆಗೆ ಫೈನಲ್ ಬಿಟ್ಟು ಒಂಬತ್ತು ಪಂದ್ಯ ಆಡಿದೆವು. ‘ಆಡಿದೆವು’ ಎಂದು ಬರೆದೆ. ನಾನು ಆಡಿದ್ದು ಏನು? ಹಗ್ಗದ ಆಚೆ ಕೊಡೆ ಹಿಡಿದು ನಿಂತಿದ್ದೆ. ಆದರೂ ಅವರು ಗೆದ್ದ ವಾರ ನನ್ನ ತರಗತಿಯ ಹುಡುಗಿಯರಿಗೆ ಪೆಟ್ಟು ಕಡಿಮೆ ಬೀಳುತ್ತಿತ್ತು ಎಂಬುದು ಶಾಲೆಗೆಲ್ಲ ಗೊತ್ತಿದ್ದ ವಿಷಯ. ಐದು ಗೆದ್ದೆವು, ನಾಲ್ಕು ಸೋತೆವು. ನಿನ್ನೆ ಮಂಗಮ್ಮ ಹೋದ ಮೇಲೆ ಹಳೆಯ ವರದಿಗಳನ್ನೆಲ್ಲ ತೆಗೆದು ನೋಡಿದೆ. ಒಂಬತ್ತು ಪಂದ್ಯಗಳಲ್ಲಿಯೂ ಮೂರನೇ ಸುತ್ತು ಮುಗಿದಾಗ ನಾವೇ ಮುಂದಿದ್ದೆವು. ಸೋತ ನಾಲ್ಕನ್ನೂ ಕೊನೆಯ ಸುತ್ತಿನಲ್ಲಿ ಸೋತೆವು. ಗೆದ್ದ ಐದರಲ್ಲಿಯೂ ಕೊನೆಯ ಸುತ್ತಿನಲ್ಲಿ ನಮ್ಮವರು ಸೇರಿಸಿದ ಅಂಕ ಎಣಿಸಲು ಒಂದು ಕೈಯ ಬೆರಳು ಸಾಕು. ಇದಕ್ಕೆ ನಾನು ಕೊಟ್ಟ ಕಾರಣಗಳೂ ಅಲ್ಲೇ ಅಚ್ಚಾಗಿವೆ. ಏಕಾಗ್ರತೆಯ ಕೊರತೆ. ಗೆಲುವಿನ ಮುಂಚೆಯೇ ಬೀಗುವ ಸ್ವಭಾವ. ಒಂದು ಕಡೆಯಂತೂ ‘ಸೋಮಾರಿತನ’ ಎಂದಿದ್ದೇನೆ. ಕೊಡೆ ಹಿಡಿದು ನಿಂತವಳು, ಇಪ್ಪತ್ತು ವರ್ಷ ಬಂಡೆ ಕೊರೆದು ಅದರ ಧೂಳು ನುಂಗಿದವರ ಬಗ್ಗೆ.

ನನಗೆ ಕಂಡಿರಲಿಲ್ಲವೇ? ಕಂಡಿತ್ತು. ಮೂರನೆಯ ಪಂದ್ಯದ ವಿರಾಮದಲ್ಲಿ ಕುಪ್ಪುಸ್ವಾಮಿ ಮೈದಾನ ಸಮಮಾಡುವ ರೋಲರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಕೆಮ್ಮುತ್ತಿದ್ದುದನ್ನು ನೋಡಿದೆ. ಎರಡೂ ಕೈಯಿಂದ ರೋಲರಿನ ಹಿಡಿಯನ್ನು ಹಿಡಿದುಕೊಂಡಿದ್ದ. ಬೀಡಿಯ ಕೆಮ್ಮು ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಂಜೆ ಆತ ಏಳು ಮಾರ್ಕ್ ಹಿಡಿದಿದ್ದ. ಅಂಥ ಆಟದ ವರದಿಯಲ್ಲಿ ಕೆಮ್ಮಿಗೆ ಜಾಗ ಎಲ್ಲಿ? ಮೋಜಣಿದಾರರ ಹೆಂಡತಿ ನನಗೆ ಮೆಲ್ಬರ್ನಿನಿಂದ ಬರುವ ಹಳೆಯ ಪತ್ರಿಕೆಗಳನ್ನು ಓದಲು ಕೊಡುತ್ತಿದ್ದರು. ಅಲ್ಲಿನ ಆಟಗಾರರು ಎಲ್ಲರೂ ಸಿಂಹಗಳು, ಬಿರುಗಾಳಿಗಳು. ನಮ್ಮ ಲೈನಿನವರನ್ನೂ ಹಾಗೆಯೇ ಬರೆಯಬೇಕೆಂಬ ಆಸೆ ನನಗಿತ್ತು. ಕೂಲಿಗಾರರೆಂದರೆ ಮೂಗು ಮುರಿಯುವವರ ಮುಂದೆ ಇವರನ್ನು ವೀರರನ್ನಾಗಿ ನಿಲ್ಲಿಸುತ್ತಿದ್ದೇನೆ ಎಂಬ ಹೆಮ್ಮೆಯೂ ಇತ್ತು. ವೀರನಿಗೆ ಡಾಕ್ಟರು ಬೇಕಾಗುವುದಿಲ್ಲ ಎಂಬುದನ್ನು ನೀವು ನನಗಿಂತ ಬೇಗ ಕಂಡುಕೊಂಡಿರಿ.

ಉಳಿದದ್ದನ್ನು ನಿನ್ನೆ ಸಂಜೆ ತಂಡದ ನಾಯಕ ಚಿಕ್ಕಮುನಿಯಪ್ಪನಿಂದ ತಿಳಿದೆ. ಸೀಸನ್ ನಡೆಯುವ ಮೂರು ತಿಂಗಳು ಆಟಗಾರರಿಗೆ ಮೇಲೆ ಮರದ ಡಿಪೋದಲ್ಲಿ ಕೆಲಸ ಕೊಡುವ ಪದ್ಧತಿ ನಿಮ್ಮದೇ. ಆಟಗಾರ ದಣಿಯಬಾರದೆಂಬ ನಿಮ್ಮ ಕಾಳಜಿಗೆ ನಾನೇ ಒಮ್ಮೆ ಈ ಅಂಕಣದಲ್ಲಿ ಧನ್ಯವಾದ ಬರೆದಿದ್ದೇನೆ. ಆದರೆ ತಂಡದಿಂದ ಹೊರಬಿದ್ದವನು ಮರುದಿನವೇ ಡ್ರಿಲ್ಲಿಗೆ ವಾಪಸು. ಹೀಗಾಗಿ ಕುಪ್ಪುಸ್ವಾಮಿ ಕೆಮ್ಮನ್ನು ನುಂಗಿ ಆಡಿದ. ಓಡಲು ಆಗುವುದಿಲ್ಲವೆಂದು ಗೊತ್ತಾದಾಗ ಉಳಿದ ಹದಿನೇಳು ಜನ ಅವನ ಪಾಲಿನ ಓಟವನ್ನೂ ಓಡಿದರು. ಅವನನ್ನು ಕಂಬಗಳ ಮುಂದೆ ನಿಲ್ಲಿಸಿ, ಚೆಂಡನ್ನು ಎತ್ತರಕ್ಕೆ ಅವನ ತಲೆಯ ಮೇಲೆ ಬೀಳುವಂತೆ ಒದೆಯುತ್ತಿದ್ದರು.

“ಬಾಲ್ ಇಡ್ದೋನ್ನ ಯಾರೂ ಮುಟ್ಟಂಗಿಲ್ವಲ್ಲ ಟೀಚರಮ್ಮ,” ಎಂದ ಚಿಕ್ಕಮುನಿಯಪ್ಪ. “ಒಂದ್ ಸಲ ಎಗ್ರಿ ಇಡ್ಕಂಡ್ರೆ ಅಷ್ಟೊತ್ತು ನಿಂತ್ಕಂಡ್ ಉಸ್ರಾಡ್ಬೋದು. ಈ ಊರ್ನಾಗೆ ಕೂಲಿಯೋನು ಸುಮ್ಕೆ ನಿಂತ್ಕಂಡ್ ಉಸ್ರಾಡಕ್ಕೆ ಇರೋ ರೂಲು ಅದೊಂದೇ. ನೀವ್ ಬರೀತಿದ್ರಲ್ಲ, ‘ಅವಸರವಿಲ್ಲದ ಧೀರ’ ಅಂತ. ಓದಿ ಓದಿ ನಗ್ತಿದ್ವಿ ನಾವು.”

“ಕುಪ್ಪುಸ್ವಾಮಿನೂ ನಕ್ಕನಾ?”

“ಅವ್ನ್ ನಗಂಗಿಲ್ಲ. ನಕ್ರೆ ಕೆಮ್ಮು ಬತ್ತದೆ.”

ಫೈನಲ್ ಪಂದ್ಯವನ್ನು ನೀವೂ ಬೆತ್ತದ ಕುರ್ಚಿಯಲ್ಲಿ ಕುಳಿತು ನೋಡಿದ್ದೀರಿ. ವರ್ಕ್‌ಶಾಪಿನವರು ಐವತ್ತೆಂಟು, ನಾವು ಐವತ್ತನಾಲ್ಕು. ಕೊನೆಯ ಗಂಟೆ ಬಾರಿಸುವುದಕ್ಕೂ ಕುಪ್ಪುಸ್ವಾಮಿ ಮಾರ್ಕ್ ಹಿಡಿಯುವುದಕ್ಕೂ ಸರಿಹೋಯಿತು. ಗಂಟೆಯಾದರೂ ಆ ಒಂದು ಒದೆತಕ್ಕೆ ಹಕ್ಕಿದೆ; ನಡುವೆ ಹೋದರೆ ಗೆಲುವು ನಮ್ಮದು. ಕಂಬಗಳು ಮೂವತ್ತು ಹೆಜ್ಜೆಯ ದೂರ. ಆತ ನಿಂತ. ನಿಂತೇ ಇದ್ದ. ನನ್ನ ಪಕ್ಕದಲ್ಲಿದ್ದ ಸೀನಪ್ಪ, ಸ್ಟೇಷನ್ನಿನ ಹತ್ತಿರ ಟೀ ಮಾರುವವನು, ಕೂಗಿದ: “ಏನ್ಲಾ ಕುಪ್ಪಾ, ಕಂಬ ಕಾಣ್ತಾ ಇಲ್ವೇನ್ಲಾ? ಇನ್ನೂ ಅತ್ರಕ್ ತಂದ್ ನೆಡ್ಲಾ?” ಸಾವಿರ ಜನ ನಕ್ಕರು. ನೀವೂ ನಕ್ಕಿರಿ. ನಾನೂ “ಒದಿಯೋ!” ಎಂದು ಕೂಗಿದೆ. ಚೆಂಡು ಅರ್ಧ ದಾರಿಗೆ ಬಿತ್ತು. ಆತ ಅದನ್ನು ನೋಡಲೂ ಇಲ್ಲ, ಮೊಣಕಾಲ ಮೇಲೆ ಕೈಯೂರಿ ಬಗ್ಗಿದ್ದ. ಅದನ್ನು ನಾಚಿಕೆ ಎಂದುಕೊಂಡು ಮನೆಗೆ ಬಂದು ಆ ವಾಕ್ಯ ಬರೆದೆ.

ಈಗ ನೀವು ಕೇಳಬಹುದು. ಇಷ್ಟು ಕಾಯಿಲೆ ಇದ್ದವನು ಆಡಿದ್ದೇಕೆ? ಕೇಳಿ, ಆದರೆ ನಿಮ್ಮ ಮೇಜನ್ನೇ ಕೇಳಿ. ಆಡದಿದ್ದರೆ ಕೆಳಕ್ಕೆ. ಆಡಿದರೆ, ಆಡಿದ್ದೇ ಆರೋಗ್ಯಕ್ಕೆ ಪುರಾವೆ, ಆದ್ದರಿಂದ ಕೆಳಕ್ಕೆ. ಕ್ರೀಡೆಯೂ ಕೂಲಿಗಾರರ ಅರ್ಜಿಯೂ ಒಂದೇ ಅಧಿಕಾರಿಯ ಕೈಯಲ್ಲಿರುವುದರ ಅನುಕೂಲ ಇದೇ ಇರಬೇಕು. ಇಂಥ ಬಾಗಿಲಿಗೆ ಕ್ಷೇಮ ಎಂಬ ಫಲಕ ತೂಗುಹಾಕಿದವರು ಯಾರು?

ಈ ಪತ್ರ ಬರೆಯುವುದು ಸರಿಯೇ ಎಂದು ಈಗಲೂ ನನಗೆ ಖಾತ್ರಿಯಿಲ್ಲ. ತಂಡದವರು ಮುಚ್ಚಿಟ್ಟದ್ದನ್ನು ನಾನು ಊರಿನ ಮುಂದೆ ಬಿಚ್ಚುತ್ತಿದ್ದೇನೆ. ಹದಿನೆಂಟು ಜನರೂ ಮೋಸ ಮಾಡಿದರೆಂದು ನೀವು ತಂಡವನ್ನೇ ಮುಚ್ಚಬಹುದು. ಆಗ ವರ್ಷಕ್ಕೆ ಮೂರು ತಿಂಗಳು ಅವರಿಗೆ ಸಿಗುತ್ತಿದ್ದ ಸೂರ್ಯನೂ ಇಲ್ಲವಾಗುತ್ತಾನೆ. ಇಂದು ಬೆಳಿಗ್ಗೆ ಏಳನೇ ಲೈನಿಗೆ ಹೋಗಿ ಗಂಡಹೆಂಡಿರನ್ನು ಕೇಳಿದೆ. ಕುಪ್ಪುಸ್ವಾಮಿ ತಟ್ಟಿಗೋಡೆಗೆ ಒರಗಿ ಕುಳಿತಿದ್ದ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಕಾಯಬೇಕಾಯಿತು.

“ಬರೀಬೇಡಿ ಅಮ್ಮಾ. ನನ್ ಒಬ್ನಿಂದ... ಟೀಮೇ ಪೋಚು, ಓಯ್ತು. ಪಾವಂ, ಚಿಕ್ಕಮುನಿಯಪ್ಪನ್ಗೂ... ಕೆಮ್ಮು ಶುರುವಾಗೈತೆ.”

“ಟೀಮಂತೆ, ಟೀಮು!” ಎಂದಳು ಮಂಗಮ್ಮ. “ಟೀಮ್ ಬಂದು ನನ್ ಎಮ್ಮೆ ಮೇಯ್ಸ್ತದಾ? ಬರೀರಿ ಟೀಚರಮ್ಮ. ಒಂದ್ ಸಲ ಬರ್ದು ಕೆಡ್ಸಿದ್ದೀರಿ, ಇನ್ನೊಂದ್ ಸಲ ಬರ್ದು ನೋಡ್ರಿ.”

ಚಿಕ್ಕಮುನಿಯಪ್ಪನ ಹೆಸರು ಕೇಳಿದ ಮೇಲೆ ಬರೆಯದೆ ಇರುವುದು ನನಗೆ ಕಷ್ಟವಾಯಿತು. ನಾಲ್ಕನೆಯ ಸುತ್ತಿನಲ್ಲಿ ಕುಸಿಯುತ್ತಿದ್ದವನು ಒಬ್ಬನಲ್ಲ, ಇಡೀ ತಂಡ. ನನ್ನ ಹತ್ತು ವರದಿಗಳನ್ನು ನೀವು ಪುರಾವೆಯಾಗಿ ಒಪ್ಪುವುದೇ ಆದರೆ ಹತ್ತನ್ನೂ ಒಪ್ಪಿ. ಒಂದು ವಾಕ್ಯವನ್ನು ಕತ್ತರಿಸಿಕೊಂಡು ಉಳಿದ ಅಂಕಪಟ್ಟಿಯನ್ನು ಬುಟ್ಟಿಗೆ ಹಾಕಬೇಡಿ.

ಆದ್ದರಿಂದ ನಾನು ಕೇಳುವುದು ಇಷ್ಟು. ನನ್ನ ವಾಕ್ಯವನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದು ತಿಳಿಯದವಳ ಮಾತು, ನೋಡಿಯೂ ನೋಡದವಳ ಮಾತು. ಅದನ್ನು ನಿಮ್ಮ ಕಡತದಿಂದಲೂ ತೆಗೆಯಿರಿ. ಸೋಮವಾರದ ಆದೇಶವನ್ನು ರದ್ದುಮಾಡಿ, ಕುಪ್ಪುಸ್ವಾಮಿಯನ್ನು ಮರದ ಡಿಪೋದಲ್ಲಿಯೇ ಉಳಿಸಿ. ಡಾಕ್ಟರು ಅಂಗಿ ಬಿಚ್ಚಿಸಿ ಅವನ ಎದೆಯನ್ನು ಕೇಳಲಿ, ಎಕ್ಸ್‌ರೇ ತೆಗೆಸಲಿ. ಆಮೇಲೆ ಉಳಿದ ಹದಿನೇಳು ಜನರದನ್ನೂ. ಮುಚ್ಚಿಟ್ಟದ್ದಕ್ಕಾಗಿ ಒಬ್ಬನನ್ನೂ ಶಿಕ್ಷಿಸುವುದಿಲ್ಲವೆಂದು ಇದೇ ಪತ್ರಿಕೆಯಲ್ಲಿ ನಿಮ್ಮ ಸಹಿಯೊಂದಿಗೆ ಬರೆಯಿರಿ.

ಶುಕ್ರವಾರ ಈ ಪತ್ರಿಕೆ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ನಿಮ್ಮ ಮೇಜು ಸೇರುತ್ತದೆ. ನಿಮಗೆ ಎರಡು ಪೂರ್ತಿ ದಿನಗಳಿವೆ. ಸೋಮವಾರ ಆತ ಇಳಿದರೆ, ಇಳಿಸಿದವರು ಯಾರೆಂದು ಈ ಊರು ಹುಡುಕಬೇಕಾಗಿಲ್ಲ. ನೀವು ಒಬ್ಬರು, ನಾನು ಇನ್ನೊಬ್ಬಳು.

ಇಂತಿ,
ನಿಮ್ಮ ಕಡತಕ್ಕೆ ಕೇಳದೆ ಸಾಕ್ಷಿಯಾದ, ಈಗ ಆ ಸಾಕ್ಷ್ಯವನ್ನು ವಾಪಸು ಕೇಳುತ್ತಿರುವ
ವೆಂಕಟರತ್ನಮ್ಮ
ಉಪಾಧ್ಯಾಯಿನಿ, ಕಳೆದ ವಾರದವರೆಗೆ ಪಂದ್ಯ ವರದಿಗಾರ್ತಿ