ಚೀನಾ ಬಲೆಯ ಹಗ್ಗ

ಸ್ಟ್ಯಾನಿ,

ಸಿತ್ರಾದ ಪ್ಲಾಂಟಿನಿಂದ ನಿಮ್ಮ ಕಂಪನಿ ಬಸ್ಸು ಮನೆಗೆ ಬರುವಾಗ ನಾನು ವಿಮಾನದಲ್ಲಿರುತ್ತೇನೆ.

ಬಂಗುಡೆ ಸಾರು ಫ್ರಿಜ್ಜಿನಲ್ಲಿದೆ. ಬಿಸಿ ಮಾಡಿದರೆ ಸಾಕು, ಮತ್ತೆ ಹುಳಿ ಹಾಕಬೇಡಿ. ಬಾಲ್ಕನಿಯ ಕರಿಬೇವಿಗೆ ನೀರು ಹಾಕಿ.

ನಾವಿಬ್ಬರೂ ಕೊಚ್ಚಿಗೆ ಹೋಗಲೆಂದು ತೆಗೆದ ರಜೆಯನ್ನು ನಿಮ್ಮ ಜೊತೆ ಕೆಲಸ ಮಾಡುವ ಮೊಯಿದಿನ್‌ಗೆ ಬಿಟ್ಟುಕೊಟ್ಟಿರಿ. ಅವರ ಹೆಂಡತಿಗೆ ಹೆರಿಗೆ, ಸರಿ. ನನ್ನನ್ನೂ ಒಂದು ಮಾತು ಕೇಳಬಹುದಿತ್ತು.

ಮದುವೆಯಾದ ವರ್ಷ, ಇಂಥದೇ ಡಿಸೆಂಬರಿನಲ್ಲಿ, ಕೊಚ್ಚಿಯ ಮೀನುಗಾರರು ದಡದಲ್ಲೇ ನಿಂತು ನೀರಿನಿಂದ ಮೇಲೆತ್ತುವ ಆ ದೊಡ್ಡ ಚೀನಾ ಬಲೆಯ ಹಗ್ಗ ಎಳೆಯಲು ನಿಮ್ಮನ್ನೂ ಕರೆದಿದ್ದರು. ಅಷ್ಟು ಎಳೆದು ಸಿಕ್ಕಿದ್ದು ಒಂದು ಹಿಡಿ ಸಿಗಡಿ. ನಿಮ್ಮ ಚಪ್ಪಲಿ ಹಿಡಿದುಕೊಂಡು ನಾನು ನಕ್ಕದ್ದೇ ನಕ್ಕದ್ದು.

ನಿಮ್ಮ ಕೊಚ್ಚಿ ಟಿಕೆಟನ್ನು ನಾಳೆಗೆ ಹಾಕಿಸಿದ್ದೇನೆ. ನಾಳೆಯಿಂದ ನಿಮ್ಮ ಶಿಫ್ಟು ನಿಮ್ಮ ಕಂಪನಿಯ ಸವಾದ್ ಮಾಡುತ್ತಾನಂತೆ, ನಾನೇ ಕೇಳಿದೆ.

ಈ ಸಲ ಹಗ್ಗ ಎಳೆಯುವುದು ನಾನು. ಚಪ್ಪಲಿ ಹಿಡಿಯಲು ಬನ್ನಿ.

ಐವಿ