ಉಪ್ಪು ನೋಡುವವನು

ಮಾರ್ಚ್ ೧೨, ಗುರುವಾರ

ತಂಗೀ,

ನಾವಿಬ್ಬರೂ ಬದುಕಿದ್ದೇವೆ. ನೀವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದಿದ್ದದ್ದು ನನ್ನದೇ ತಪ್ಪು. ಸಿಟ್ಟಿನಲ್ಲಿ ಬರೆದರೆ ನಿನ್ನನ್ನೇ ಬೈದುಬಿಡುತ್ತೇನೆಂದು ಸುಮ್ಮನಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಸುಧಾರಿಸಿಕೊಂಡು ಓದು.

ನೀನು ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ. ಹೌದು, ಕುಡಿತ ಬಿಟ್ಟಿದ್ದೇನೆ, ನಾಲ್ಕು ತಿಂಗಳಾಯಿತು. ಮೊಮ್ಮಗಳ ವಯಸ್ಸಿನ ಡಾಕ್ಟರು, "ತಾತಾ, ನಿಮ್ಮ ಲಿವರ್ರೂ ಸಾಕು ಅಂತಿದೆ, ಬಿಪಿನೂ ಸಾಕು ಅಂತಿದೆ" ಎಂದಳು. ಬಾಟಲಿ ಹೋಯಿತು, ಕರಿದ ಮೀನು ಹೋಯಿತು, ಉಪ್ಪಿನಕಾಯಿ ಹೋಯಿತು, ಕೊನೆಗೆ ಉಪ್ಪೇ ಹೋಯಿತು. ನನ್ನ ತಟ್ಟೆ ಕಂಡರೆ ಬೆಕ್ಕು ಕೂಡ ಮುಖ ತಿರುಗಿಸುತ್ತದೆ. ಸಂಜೆ ಲೇತ್ ಶಾಪಿನ ಹಳೆಯ ಗೆಳೆಯರು ಮೂಲೆಯ ಬಾರಿಗೆ ಹೋಗುವುದು ಕಿಟಕಿಯಿಂದ ಕಾಣುತ್ತದೆ. ಅವರ ಲಿವರನ್ನು ಯಾವ ಕಬ್ಬಿಣದಲ್ಲಿ ಮಾಡಿದ್ದಾರೋ! ಹೊಟ್ಟೆ ಉರಿಯುತ್ತದೆ. ಆದರೂ ಅದನ್ನು ತಡೆದುಕೊಂಡೆ.

ತಡೆಯಲಾಗದ್ದು ದರ್ಜಿಯನ್ನು.

ಕೆಟ್ಟ ಜ್ವರ ಬಂದು ನಿನ್ನ ಅತ್ತಿಗೆಯ ನಾಲಿಗೆಯಿಂದ ರುಚಿಯೇ ಹೋಗಿ ಹದಿನೆಂಟು ವರ್ಷವಾಯಿತಲ್ಲ. ಅಂದಿನಿಂದ ಪ್ರಿಂಟಿಂಗ್ ಪ್ರೆಸ್ಸಿನ ಮೂವತ್ತು ಜನಕ್ಕೆ ಅವಳು ಅಡುಗೆ ಮಾಡಿ ಕಳಿಸಿದ್ದು ನನ್ನ ನಾಲಿಗೆಯನ್ನು ನಂಬಿ. ಸೌಟು ತಂದು ಅಂಗೈಗೆ ಒಂದು ತೊಟ್ಟು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೂಂ" ಅಂದರೆ ಒಲೆ ಆರಿಸುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಹಾಗೆ ನೋಡಿದವಳಲ್ಲ.

ಈಗ ಆ ತೊಟ್ಟು ಪಕ್ಕದ ಮನೆಯ ದರ್ಜಿಯ ಅಂಗೈಗೆ ಬೀಳುತ್ತದೆ. ಹೆಂಡತಿ ಸತ್ತವನು, ಕತ್ತಿಗೆ ಟೇಪು ನೇತುಹಾಕಿಕೊಂಡೇ ಬರುತ್ತಾನೆ. ಕಣ್ಣು ಮುಚ್ಚಿ ಚಪ್ಪರಿಸಿ, "ಅಕ್ಕಾ, ಉಪ್ಪು ಒಂದು ಚಿಟಿಕೆ ಕಮ್ಮಿ. ಖಾರ ಮಾತ್ರ ಅಳತೆ ತಗೊಂಡು ಹೊಲಿದಂಗಿದೆ!" ಅನ್ನುತ್ತಾನೆ. ಅವಳು ನಗುತ್ತಾಳೆ. ನನ್ನ "ಹೂಂ"ಗೆ ಒಂದು ದಿನವೂ ನಕ್ಕಿರಲಿಲ್ಲ.

"ಅವನೇನು ಉಪ್ಪು ನೋಡೋಕೆ ಬರ್ತಾನೋ, ನಿನ್ನನ್ನ ನಗಿಸೋಕೆ ಬರ್ತಾನೋ?" ಎಂದೆ.

"ಈ ವಯಸ್ಸಲ್ಲಿ ನಿಮಗೇನ್ರೀ ಬಂತು? ನೀವು ಬದುಕಿರ್ಲಿ ಅಂತ ತಾನೇ ಅವನನ್ನ ಕರೆಯೋದು!" ಎಂದಳು.

ಕಳೆದ ಸೋಮವಾರ ದರ್ಜಿ ಮಾಂಸದ ಸಾರು ನೋಡಿ "ಸರಿಯಾಗಿದೆ" ಎಂದು ಹೇಳಿ ಹೋದ. ನಾನೂ ಒಂದು ತೊಟ್ಟು ನೆಕ್ಕಿ, "ಲೇ, ಇದೇನು ಸಾರೋ ಸಮುದ್ರಾನೋ?" ಎಂದೆ. ನೆಕ್ಕಿದ್ದಕ್ಕೆ ಬೈದಳು. ಆದರೆ ಮರುಮಾತಿಲ್ಲದೆ ಎರಡು ಚೊಂಬು ನೀರು ಸುರಿದಳು. ಮಧ್ಯಾಹ್ನ ಡಬ್ಬಿಗಳು ಅರ್ಧಕ್ಕರ್ಧ ವಾಪಸು ಬಂದವು. ಪ್ರೆಸ್ಸಿನ ಮೇಸ್ತ್ರಿಯೇ ಬಂದು, "ಏನಮ್ಮಾ, ಪಾತ್ರೆ ತೊಳೆದ ನೀರು ಕಳಿಸಿದ್ರಾ? ಇನ್ನೊಂದ್ಸಲ ಹಿಂಗಾದ್ರೆ ನಾವು ಬೇರೆ ಕಡೆ ನೋಡ್ಕೋತೀವಿ" ಎಂದ. ದರ್ಜಿ ಬಾಗಿಲಲ್ಲೇ ನಿಂತು ಕತ್ತಿನ ಟೇಪು ಸುತ್ತುತ್ತಿದ್ದ.

ನಾಲ್ಕು ತಿಂಗಳು ಸಪ್ಪೆ ತಿಂದು ನನ್ನ ನಾಲಿಗೆ ಕೆಟ್ಟಿದೆ ಎಂದೆ. ಎಲ್ಲರೂ ಅಯ್ಯೋ ಪಾಪ ಎಂದರು.

ನಿನ್ನ ಗಂಡನಿಗೆ ಕುಡಿಯುವುದು ಕಡಿಮೆ ಮಾಡು ಎನ್ನು, ನಾನು ಹೇಳಿದೆ ಎನ್ನಬೇಡ. ಮಕ್ಕಳು ಗಟ್ಟಿಮುಟ್ಟಾಗಿರಲಿ. ನಿನ್ನ ಮಂಡಿನೋವು ಆ ದರ್ಜಿಗೆ ಹೋಗಲಿ.

ನಿನ್ನ ಅಣ್ಣ

ತಾ.ಕ.: ನಾಲಿಗೆ ಕೆಟ್ಟಿಲ್ಲ. ಉಪ್ಪು ಹದವಾಗಿಯೇ ಇತ್ತು, ನೆಕ್ಕಿದ ತಕ್ಷಣ ಗೊತ್ತಾಯಿತು. ಅವನ ಮಾತು ಸುಳ್ಳಾಗಲಿ ಎಂದು ಹಾಗೆ ಹೇಳಿದೆ. ಆ ದಿನ ಡಬ್ಬಿ ತೊಳೆಯುತ್ತ ಅವಳು, "ನನ್ನ ನಾಲಿಗೆ ಹೋದಾಗ ನಿಮ್ಮದಿತ್ತು. ಈಗ ನಿಮ್ಮದೂ ಹೋಯ್ತಲ್ರೀ" ಎಂದು ಅತ್ತಳು. ನನ್ನನ್ನು ಆಸ್ಪತ್ರೆಗೆ ಹಾಕಿದಾಗಲೂ ಅತ್ತವಳಲ್ಲ. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ಕೂಡಿಸಿ ಬರೆಯುವ ಅಕ್ಷರ ನನಗೆ ಹತ್ತುವುದಿಲ್ಲ, ನಿನ್ನ ಕಾಗದಗಳನ್ನು ಅವಳೇ ಓದಿ ಹೇಳುವುದು. ಉತ್ತರದಲ್ಲಿ ಇದನ್ನೆಲ್ಲ ಬರೆದುಬಿಡು, ಏನೂ ಮುಚ್ಚಬೇಡ. ಅವಳು ಓದುವಾಗ ನಾನು ಎದುರಿಗೇ ಕೂತಿರುತ್ತೇನೆ.