ಬುಡದ ಕೊಕ್ಕೆ

ಸೋಮವಾರ, ಮಧ್ಯಾಹ್ನ

ಸ್ಲೈಡ್ ತೊಳೆದಿಟ್ಟು ಊಟಕ್ಕೆ ಕೂತೆ. ಅಕ್ಕ ಕಳಿಸಿದ ಡಬ್ಬಿ. ತಿಂಡಿ ಅಂದುಕೊಂಡು ಬಾಯಲ್ಲಿ ನೀರೂರಿಸಿಕೊಂಡು ತೆಗೆದರೆ — ಒಣ ಎಲೆಕಡ್ಡಿ! ಅವಳ ನರ್ಸರಿಯ ನೆಲದಿಂದ ಆರಿಸಿದ್ದಂತೆ. ಕಡ್ಡಿಯ ಮೇಲೆ ಸಾಸಿವೆ ಗಾತ್ರದ ಬಿಳಿ ಬಟ್ಟಲಣಬೆಗಳು.

ಫೋನ್ ಮಾಡಿ ಬೈದೆ. ನಕ್ಕಳು. “ನೀನು ಬೂಷ್ಟು ಡಾಕ್ಟ್ರಲ್ವೇನೇ? ಇದೇನು ಅಂತ ನೋಡಿ ಹೇಳು. ಗುರುವಾರ ಲಾರಿ ಬರತ್ತೆ. ಸಸಿ ಎಲ್ಲಾ ಹೋಗ್ಬೇಕು.”

ನಮ್ಮ ಲ್ಯಾಬಿನಲ್ಲಿ ಮೊದಲ ಪ್ರಶ್ನೆ, ಕಡ್ಡಿ ಯಾವ ಮರದ್ದು? ಈ ಅಣಬೆಗಳು ಸುಲಭಕ್ಕೆ ಮನೆ ಬದಲಿಸುವುದಿಲ್ಲ. ಅಕ್ಕ ಬೆಳೆಸುವುದೆಲ್ಲ ಗರಿಮರ, ಬೀದಿ ಬದಿಗೆ ನೆಡುವ ಗರಿಯಂಥ ಎಲೆಯ ಮರ. ಗರಿಮರದ ಕಡ್ಡಿಯ ಮೇಲೆ ಇಂಥ ಬಿಳಿ ಬಟ್ಟಲು ಎರಡೇ ಜಾತಿ. ಒಂದು ಸತ್ತ ಕಡ್ಡಿ ತಿಂದುಕೊಂಡು ತನ್ನ ಪಾಡಿಗಿರುತ್ತದೆ. ಇನ್ನೊಂದು ಮರವನ್ನೇ ಕೊಲ್ಲುತ್ತದೆ. ಅದು ಸಿಕ್ಕಿದರೆ ನರ್ಸರಿಯಲ್ಲಿ ಒಂದು ಸಸಿಯನ್ನೂ ಉಳಿಸುವಂತಿಲ್ಲ — ಎಲ್ಲ ಬೆಂಕಿಗೆ. ಅಕ್ಕನಿಗೂ ಅದನ್ನೇ ಹೇಳಿದೆ.

ಬರಿಗಣ್ಣಿಗೆ ಎರಡೂ ಒಂದೇ. ಮೈಕ್ರೋಸ್ಕೋಪಿನಲ್ಲಿ ಬೀಜಕ ತುಂಬಿದ ಉದ್ದನೆಯ ಚೀಲ ನೋಡಬೇಕು. ಕೊಲ್ಲುವ ಜಾತಿಯಾದರೆ ಚೀಲದ ಬುಡದಲ್ಲಿ ಒಂದು ಪುಟ್ಟ ಕೊಕ್ಕೆ.

ಸೋಮವಾರ, ಸಂಜೆ

ನೋಡಿದೆ. ಕೊಕ್ಕೆ ಇಲ್ಲ. ಅಬ್ಬಾ!

ಅಕ್ಕನಿಗೆ ಹೇಳಿದೆ — ಏನೂ ಇಲ್ಲ ಕಣೇ, ಆರಾಮಾಗಿರು. “ನಂಗೊತ್ತಿತ್ತು. ನೀನೇ ಸುಮ್ನೆ ಹೆದರಿಸಿದ್ದು,” ಅಂದಳು. ಹಿಂದಿನಿಂದ ಭಾವನ ಸೀಟಿ ಕೇಳಿಸಿತು. ಆ ಮನುಷ್ಯ ಸೀಟಿ ಹಾಕಿದ್ದು ಕೇಳಿ ಎಷ್ಟು ಕಾಲವಾಗಿತ್ತು.

ಬುಧವಾರ, ಸಂಜೆ

ಅಕ್ಷರ ಸೊಟ್ಟ. ಇರಲಿ.

ಸ್ಲೈಡ್ ಎಸೆಯುವ ಮುನ್ನ ಇನ್ನೊಮ್ಮೆ ಇಣುಕಿದೆ, ಅಷ್ಟೇ. ಚೀಲಗಳಿಗೆ ಬುಡವೇ ಇಲ್ಲ! ಎಲ್ಲ ಹರಿದಿವೆ. ಸೋಮವಾರ ಅವಸರದಲ್ಲಿ ಕವರ್‌ಸ್ಲಿಪ್ ಗಾಜಿನ ಮೇಲೆ ಹೆಬ್ಬೆರಳು ಜೋರಾಗಿ ಒತ್ತಿದ್ದೇನೆ. ಬುಡ ಅಣಬೆಯಲ್ಲೇ ಉಳಿದಿದೆ, ಮೇಲಿನ ತುಂಡು ಮಾತ್ರ ಕಿತ್ತು ಬಂದಿದೆ. ನಾನು ನೋಡಿದ್ದು ಹರಿದ ತುದಿ. ಅದಕ್ಕೇ “ಕೊಕ್ಕೆ ಇಲ್ಲ” ಅಂದೆ. ಹೊಸಬರು ಹೀಗೆ ಮಾಡಿದರೆ ನಾನೇ ಕಿರುಚುತ್ತೇನೆ.

ಹೊಸ ಬಟ್ಟಲು ತೆಗೆದೆ. ತೆಳ್ಳಗೆ ಕೊಯ್ದೆ. ಒತ್ತಲಿಲ್ಲ. ಕೆಂಪು ಬಣ್ಣ ಹಾಕಿ ಕಾದೆ.

ಕೊಕ್ಕೆ. ಪಕ್ಕದ ಚೀಲದಲ್ಲೂ ಕೊಕ್ಕೆ.

ಆಮೇಲೊಂದು ಹುಚ್ಚು ಆಸೆ. ಕಡ್ಡಿ ಬೇಲಿಯಾಚೆಯ ಬೇರೆ ಯಾವುದೋ ಮರದ್ದಾಗಿದ್ದರೆ? ಗಾಳಿಗೆ ಹಾರಿ ಬಂದಿದ್ದರೆ? ಆಗ ಅಣಬೆಯೂ ಬೇರೆಯದೇ ಇರಬಹುದು. ಕಡ್ಡಿ ತಿರುಗಿಸಿ ನೋಡಿದೆ. ಮೇಲ್ಗಡೆ ಉದ್ದಕ್ಕೂ ಗೀರು, ಎಲೆ ಉದುರಿದ ಗುರುತು ಜೋಡಿ ಜೋಡಿಯಾಗಿ. ಗರಿಮರವೇ. ಅನುಮಾನವೇ ಇಲ್ಲ.

ಅಕ್ಕನಿಗೆ ಫೋನ್ ಮಾಡಿದೆ. “ನಾಳೆ ಲಾರಿ ಒಂದಿನ ಮುಂದಕ್ಕೆ ಹಾಕಕ್ಕಾಗಲ್ವಾ?”

“ಯಾಕೇ?”

“ಸುಮ್ನೆ ಕೇಳ್ದೆ.”

“ಸುಮ್ನೆ ಅಂತೆ! ಹೋಗೇ. ಒಂದೊಂದು ಬೀದಿಗೂ ನಮ್ಮ ಗಿಡ ಹೋಗ್ತಿದೆ. ನಿಮ್ಮ ಬೀದಿಗೂ ಸೇರಿಸಿದೀನಿ.”

ಹೇಳಲಿಲ್ಲ. ಹೇಡಿ ನಾನು. ಭಯವಾಗುತ್ತಿದೆ. ಹೇಳಿದರೆ ಅಕ್ಕನ ಬದುಕು ಹೋಗುತ್ತದೆ, ಹೇಳದಿದ್ದರೆ ಊರಿನ ಮರಗಳೆಲ್ಲ ಹೋಗುತ್ತವೆ.

ಗುರುವಾರ, ಬೆಳಿಗ್ಗೆ

ಲ್ಯಾಬಿನ ಹೆಡ್ ಮೇಡಂ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಸ್ಲೈಡ್ ಕೊಟ್ಟೆ. ಯಾರ ನರ್ಸರಿ ಅಂತಲೂ ಹೇಳಿದೆ. ಅವರು ನೋಡಿದರು, ತುಂಬಾ ಹೊತ್ತು ನೋಡಿದರು. ಅವರಾದರೂ “ಇಲ್ಲ” ಅನ್ನಲಿ ಅಂತ ಕಾದೆ.

“ಇದೆ ಕಣಮ್ಮ.”

ಬಚ್ಚಲಿಗೆ ಹೋಗಿ ಅತ್ತು ಬಂದೆ. ಅಷ್ಟರಲ್ಲಿ ನರ್ಸರಿಗೆ ಹೊರಡಲು ಜೀಪ್ ಸಿದ್ಧವಾಗಿತ್ತು.

“ನಾನು ಒಂದು ಫೋನ್ ಮಾಡ್ಲಾ ಮೇಡಂ?”

“ಬೇಡ. ಮೊದ್ಲೇ ಗೊತ್ತಾದ್ರೆ ಯಾರಾದ್ರೂ ನಾಲ್ಕು ಸಸಿ ಬಚ್ಚಿಡ್ತಾರೆ. ನಿಮ್ಮಕ್ಕ ಅಂತ ಅಲ್ಲ, ಯಾರೇ ಆದ್ರೂ ಇದೇ ರೂಲ್ಸು.” ಆಮೇಲೆ ದನಿ ತಗ್ಗಿಸಿ, “ನೀನು ಬರೋದು ಬೇಡ ಬಿಡು.”

“ಬರ್ತೀನಿ ಮೇಡಂ.”

ಗುರುವಾರ, ಜೀಪಿನಲ್ಲಿ

ಹಿಂದಿನ ಸೀಟು. ಕಾಲ ಬಳಿ ಸೀಮೆಎಣ್ಣೆ ಕ್ಯಾನು, ರಬ್ಬರ್ ಬೂಟು, ಬೇಲಿ ಕಟ್ಟುವ ಹಳದಿ ಟೇಪು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಲಾರಿ ಹೊರಟುಬಿಟ್ಟಿದ್ದರೆ? ಸಸಿ ಆಗಲೇ ಬೀದಿ ಬೀದಿಗೆ ಹಂಚಿ ಹೋಗಿದ್ದರೆ?

ಈಗ ತಾನೇ ಅಕ್ಕನ ಫೋನು. ಮೇಡಂ ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಎತ್ತಿದೆ.

“ಎಲ್ಲಿದೀಯೇ? ಲಾರಿಗೆ ತುಂಬ್ತಾ ಇದೀವಿ. ಕೈ ಸಾಲದು. ರಜ ಹಾಕಿ ಬಂದ್ಬಿಡೇ, ಪ್ಲೀಸ್.”

ಇನ್ನೂ ಹೋಗಿಲ್ಲ. ಅಷ್ಟು ಸಮಾಧಾನ.

“ಬರ್ತಾ ಇದೀನಿ ಅಕ್ಕ,” ಅಂದೆ. ಸುಳ್ಳಲ್ಲ. ಆದರೂ ನಾಲಿಗೆ ಸುಟ್ಟಂತಾಯಿತು.

“ಬಂಗಾರ ನೀನು,” ಅಂದು ಇಟ್ಟಳು.

ತಿರುವು ಬಂತು. ಗೇಟು ಕಾಣುತ್ತಿದೆ. ಲಾರಿ ಅರ್ಧ ತುಂಬಿದೆ, ಹಸಿರು ಹೊರಗೆ ಚಾಚಿಕೊಂಡಿದೆ. ಭಾವ ಜೀಪಿನ ಮೇಲಿನ ಬೋರ್ಡು ಓದುತ್ತಿದ್ದಾರೆ. ಅಕ್ಕ ಓದುತ್ತಿಲ್ಲ. ಕಿಟಕಿಯಲ್ಲಿ ನನ್ನನ್ನು ಕಂಡಳು. ಮಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ನಗುನಗುತ್ತಾ ಓಡಿ ಬರುತ್ತಿದ್ದಾಳೆ.